ಒಣಗಲ್ಲಮ್ಮನಿಗೆ ಹಾಲೆರೆಯುವುದಿಲ್ಲ

ಚಿತ್ರದುರ್ಗದ ಸೀಮೆಯಲ್ಲಿ, ದನ ಮೇಯುವ ಕಾವಲಿನ ಅಂಚಿಗೆ ಮುತ್ತುಗದಹಟ್ಟಿ ಎಂಬ ಊರಿದೆ. ಊರು ಮುಗಿದು ಕಾವಲು ತೊಡಗುವಲ್ಲಿ, ಹೊಂಗೆಮರದ ಕೆಳಗೆ, ಸೊಂಟದೆತ್ತರದ ಒಂದು ಚಪ್ಪಟೆ ಬಂಡೆ. ಅದರ ನೆತ್ತಿಯಲ್ಲಿ ಬೊಗಸೆಯಷ್ಟು ಗುಂಡಿ. ಪಕ್ಕದಲ್ಲೊಂದು ಮೋಟು ನಿಲುಗಲ್ಲು. ಅದಕ್ಕೆ ಕುಂಕುಮವಿದೆ, ಹೂವಿದೆ, ಗುಡಿಯಿಲ್ಲ. ಬಂಡೆಗೆ ಒಣಗಲ್ಲು ಎಂದೂ ನಿಲುಗಲ್ಲಿಗೆ ಒಣಗಲ್ಲಮ್ಮ ಎಂದೂ ಹೆಸರು. ಪರವೂರಿನಿಂದ ಬಂದವರು, ಇದು ಮಳೆಯಿಲ್ಲದ ಸೀಮೆ, ಅದಕ್ಕೇ ಈ ಹೆಸರು ಎಂದು ತಾವೇ ತೀರ್ಮಾನಿಸಿಕೊಂಡು ಹೋಗುತ್ತಾರೆ. ತೀರ್ಮಾನ ತಪ್ಪು. ಇಲ್ಲಿ ಮಳೆ ಕಡಿಮೆ ಎಂಬುದು ನಿಜ. ಆದರೆ ಬಿದ್ದ ಮಳೆಯೂ ಆ ಗುಂಡಿಯಲ್ಲಿ ನಿಲ್ಲುವಂತಿಲ್ಲ. ಮಳೆಯ ಮರುದಿನ ಊರಿನವರು ಯಾರಾದರೂ ಹೋಗಿ, ಬಟ್ಟೆಯಿಂದ ಅದನ್ನು ಒರೆಸಿ ಬರುತ್ತಾರೆ. ಆ ಗುಂಡಿ ಒಣಗಿರಬೇಕು ಎಂಬುದು ಊರಿನ ಕಟ್ಟಳೆ.

ಹಿಂದೊಂದು ಕಾಲದಲ್ಲಿ ಅದು ಒಣಗಿದ್ದ ದಿನವೇ ಅಪರೂಪವಾಗಿತ್ತು ಎನ್ನುತ್ತಾರೆ. ಹೆರಿಗೆಯಾದ ಹೆಣ್ಣಿನ ಮೊದಲ ಹಾಲು, ಆ ಹಳದಿ ಬಣ್ಣದ ಗಟ್ಟಿ ಹಾಲು, ಒಂಬತ್ತು ತಿಂಗಳು ಮೈಯೊಳಗೆ ಕೂತು ಹಳಸಿದ್ದು ಎಂದು ಆಗಿನವರ ನಂಬಿಕೆ. ಅದನ್ನು ಹಿಂಡಿ ಕರಟದಲ್ಲಿ ಹಿಡಿದು, ಮನೆಯ ಹಿರಿಯಳು ಈ ಬಂಡೆಯ ಮೇಲೆ ಚೆಲ್ಲಿ, ಹಿಂದಿರುಗಿ ನೋಡದೆ ಮನೆ ಸೇರಬೇಕು. ಬಿಳಿ ಹಾಲು ಇಳಿಯುವವರೆಗೆ ಕೂಸಿಗೆ ಚೀಪಲು ಬೆಲ್ಲದ ನೀರಿನಲ್ಲಿ ಅದ್ದಿದ ಹತ್ತಿಯ ಬತ್ತಿ. ಇದನ್ನು ಕೇಳಿ ನಗುವವರಿದ್ದಾರೆ. ನಗುವ ಮೊದಲು ತಿಳಿಯಬೇಕಾದದ್ದು, ಈ ನಂಬಿಕೆ ಒಂದು ಹಟ್ಟಿಯ ಸ್ವತ್ತಲ್ಲ; ಸಮುದ್ರದಾಚೆಯ ಎಷ್ಟೋ ದೇಶಗಳಲ್ಲಿ, ಓದುಬರಹ ಬಲ್ಲವರ ಮನೆಗಳಲ್ಲೂ, ಮೊದಲ ಹಾಲನ್ನು ಚೆಲ್ಲುತ್ತಿದ್ದರು. ಆದರೆ ಮುತ್ತುಗದಹಟ್ಟಿಯವರು ದನ ಕಟ್ಟಿ ಬಾಳಿದವರು. ಹಸು ಈದರೆ ಅದರ ಗಿಣ್ಣು ಅವರಿಗೆ ಹಬ್ಬ. ಬೆಲ್ಲ, ಏಲಕ್ಕಿ ಹಾಕಿ ಕಾಯಿಸಿ, ಗಟ್ಟಿಯಾದದ್ದನ್ನು ಕೊಯ್ದು ಮನೆಮನೆಗೆ ಹಂಚುತ್ತಿದ್ದರು. ಒಂದೇ ಮನೆಯಲ್ಲಿ ಹಸುವಿನ ಮೊದಲ ಹಾಲು ಒಲೆಯ ಮೇಲೆ, ತಾಯಿಯ ಮೊದಲ ಹಾಲು ಬಂಡೆಯ ಮೇಲೆ. ಯಾರಿಗೂ ಇದು ವಿಚಿತ್ರವೆನಿಸಿರಲಿಲ್ಲ.

ಆ ಊರಿನ ದೊಡ್ಡ ಮನೆಯ ಹಿರಿಯಳು ಸಿರಿಯಕ್ಕ. ಮಾತು ಕಡಿಮೆ, ಆಡಿದರೆ ತಿದ್ದುವವರಿಲ್ಲ. ಹೆತ್ತವು ಹಲವು, ಉಳಿದವನು ಕರಿಯಣ್ಣ ಒಬ್ಬನೇ. ಅವನ ಹೆಂಡತಿ ಮಾಳವ್ವ ಎರಡು ಸಲ ಹೆತ್ತು, ಎರಡು ಕೂಸನ್ನೂ ಹೆಸರಿಡುವ ಮೊದಲೇ ಮಣ್ಣಿಗೆ ಕೊಟ್ಟಿದ್ದಳು. ಮೂರನೆಯದು ಹೆಣ್ಣು. ಅಳಲೂ ತ್ರಾಣವಿಲ್ಲದ ಸಣ್ಣ ಕೂಸು. ಅದು ಹುಟ್ಟಿದ ಬೆಳಿಗ್ಗೆಯೇ ಕೊಟ್ಟಿಗೆಯಲ್ಲಿ ಕೌಲಿ ಹಸುವೂ ಈಯಿತು. ಮಾಳವ್ವ ಅತ್ತೆ ಕೊಟ್ಟ ಕರಟಕ್ಕೆ ಹಾಲು ಹಿಂಡಿಟ್ಟು, ಬಾಣಂತಿ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಗೋಡೆಯಾಚೆಯೇ ಕೊಟ್ಟಿಗೆ. ದನ ಕಾಯುವ ಆಳೊಬ್ಬ ಗಿಣ್ಣಿಗೆ ಅವಸರಪಟ್ಟು ತಂಬಿಗೆ ಹಿಡಿದು ಕೂತದ್ದನ್ನು ಕಂಡು ಸಿರಿಯಕ್ಕ ಗದರಿದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

"ಕೆಚ್ಚಲಿಗೆ ಕೈ ಹಾಕಿದರೆ ನೋಡು. ಮೊದಲ ಹಾಲು ಕರುವಿನದು. ಅದು ಹೊಟ್ಟೆ ತುಂಬ ಕುಡಿದು ಮಿಕ್ಕಿದ್ದು ನಮಗೆ. ಕಿತ್ತುಕೊಂಡರೆ ಕರು ಉಳಿಯಲ್ಲ ಕಣೋ."

ಹಾಗೆ ಗದರಿ ಬಂದವಳು ಬಾಣಂತಿ ಕೋಣೆಗೆ ಬಾಗಿ ಕರಟ ಎತ್ತಿಕೊಂಡಳು. ಅಲ್ಲಿಯವರೆಗೆ ಎಂದೂ ಎದುರಾಡದ ಮಾಳವ್ವ ಆಗ ಬಾಯಿಬಿಟ್ಟಳು.

"ಅತ್ತೆ, ಕರುವಿಗೆ ಅಂದ ಮಾತನ್ನ ಈ ಕೂಸಿಗೂ ಒಂದ್ಸಲ ಅನ್ನಿ."

"ನಾವೇನು ದನವೇನೇ?"

"ದನ ಆಗಿದ್ದಿದ್ರೆ ನನ್ನವೆರಡೂ ಉಳೀತಿದ್ವೇನೋ."

ಸಿರಿಯಕ್ಕ ಕರಟ ಹಿಡಿದು, ವಾಡಿಕೆಯಂತೆ ಊರ ನಡುವೆಯೇ ನಡೆದು ಬಂಡೆಯ ಹತ್ತಿರ ಹೋದಳು. ಗುಂಡಿಯಲ್ಲಿ ಹಿಂದಿನ ವಾರ ಯಾರದೋ ಮನೆಯಿಂದ ಬಂದದ್ದು ಒಣಗಿ ಹಕ್ಕಳೆಗಟ್ಟಿತ್ತು. ಅಲ್ಲಿಗೇ ತಾನೂ ಒಂದೊಂದು ಹೆರಿಗೆಗೂ ತನ್ನ ಅತ್ತೆಯ ಕೈಯಲ್ಲಿ ಕರಟ ಕಳಿಸಿದವಳು. ಬಹಳ ಹೊತ್ತು ನಿಂತಿದ್ದಳು ಎನ್ನುತ್ತಾರೆ. ಆಮೇಲೆ ಹಾಲು ತುಳುಕದಂತೆ ಕರಟದ ಮೇಲೆ ಸೆರಗು ಮುಚ್ಚಿ, ಬಂದ ದಾರಿಯಲ್ಲೇ ತಿರುಗಿದಳು. ಕಟ್ಟೆಯ ಮೇಲೆ ಕೂತಿದ್ದ ಮುದುಕ ಚಿಕ್ಕೋಬಯ್ಯ, ತುಂಬಿದ ಕರಟ ವಾಪಸು ಬರುವುದನ್ನು ಅದುವರೆಗೆ ಎಂದೂ ಕಂಡವನಲ್ಲ. ಏನು ಸಿರಿಯಕ್ಕ, ವಯಸ್ಸಾಯ್ತು, ಬಂಡೆ ಎಲ್ಲಿದೆ ಅನ್ನೋದೂ ಮರೆತೆಯಾ ಎಂದು ಕೆಣಕಿದ.

"ಬಂಡೆ ಮರೆತಿಲ್ಲ ಓಬಯ್ಯ. ಕೂಸನ್ನ ಮರೆತಿದ್ದೆ."

ಮನೆಗೆ ಬಂದು, ಬೆಲ್ಲದ ನೀರಿನ ಬಟ್ಟಲನ್ನು ಆಚೆಗೆ ಸರಿಸಿ, ಹತ್ತಿಯ ಬತ್ತಿಯನ್ನು ಆ ಹಳದಿ ಹಾಲಿನಲ್ಲಿ ಅದ್ದಿ, ಮೊದಲ ಹನಿಯನ್ನು ಕೂಸಿನ ತುಟಿಗೆ ಅವಳೇ ಬಿಟ್ಟಳು. ಕೂಸು ಚಪ್ಪರಿಸಿತು. ಕರಟ ಬರಿದಾದ ಮೇಲೆ ಕೂಸನ್ನೆತ್ತಿ ತಾಯಿಯ ಎದೆಗೆ ಕೊಟ್ಟು, ಬಾಗಿಲಿಗೆ ಅಡ್ಡಲಾಗಿ ಕೂತಳು. ನೆರೆಯ ಹೆಂಗಸರು ಬಂದು, ಹಳಸಿದ್ದನ್ನು ಕುಡಿಸಿ ಇದ್ದೊಂದನ್ನೂ ಕೊಲ್ಲುತ್ತೀಯಾ ಎಂದು ಬೈದು ಹೋದರು. ಅವಳು ಏಳಲಿಲ್ಲ. ಪ್ರತಿ ಸಲ ಕೂಸು ಅತ್ತಾಗಲೂ ಒಳಗೆ ಕಿವಿಗೊಟ್ಟು, ಅಳು ನಿಂತು ಚೀಪುವ ಸದ್ದು ಕೇಳಿದ ಮೇಲೆಯೇ ಉಸಿರು ಬಿಡುತ್ತಿದ್ದಳಂತೆ. ದಿನ ಕಳೆದಂತೆ ಅಳು ಗಟ್ಟಿಯಾಯಿತು. ಹೆಸರಿಡುವ ದಿನವೂ ಬಂತು. ಆವತ್ತು ತೊಟ್ಟಿಲ ಹತ್ತಿರ ಯಾರೂ ಇಲ್ಲದ ಹೊತ್ತಿನಲ್ಲಿ ಅವಳು ಸೊಸೆಯನ್ನು ಒಂದೇ ಮಾತು ಕೇಳಿದಳು.

"ನನ್ನವೂ ಉಳೀತಿದ್ವೇನೇ, ಮಾಳಿ?"

ಮಾಳವ್ವ ಅತ್ತೆಯ ಕೈ ಹಿಡಿದು ಕೂಸಿನ ಬೆನ್ನ ಮೇಲೆ ಇಟ್ಟಳು. ಆ ಕೂಸುಗಳೆಲ್ಲ ಇದೇ ಕಾರಣಕ್ಕೆ ತೀರಿಕೊಂಡವು ಎಂದು ಐತಿಹ್ಯ ಹೇಳುವುದಿಲ್ಲ. ಹೇಳದ್ದನ್ನು ಇಲ್ಲಿ ಸೇರಿಸುವುದು ಸರಿಯಲ್ಲ. ಐತಿಹ್ಯ ಹೇಳುವುದು ಇಷ್ಟೇ: ಅಂದಿನಿಂದ ಸಿರಿಯಕ್ಕ ತನ್ನ ಚಾಪೆಯನ್ನು ಹೊಂಗೆಮರದ ಕೆಳಗೆ ಹಾಸಿಕೊಂಡಳು. ಕರಟ ಹಿಡಿದು ಬಂದವರನ್ನು ಬೈಯುತ್ತಿರಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ನಿಮ್ಮ ಮನೆಯ ಹಸು ಈದಾಗ ಏನು ಮಾಡುತ್ತೀರಿ ಎಂದು ಕೇಳುತ್ತಿದ್ದಳು. ಕೆಲವರು ಅಲ್ಲಿಂದಲೇ ತಿರುಗಿದರು, ಕೆಲವರು ಚೆಲ್ಲಿಯೇ ಹೋದರು. ಚೆಲ್ಲಿದ್ದನ್ನು ಅವಳು ತನ್ನ ಸೆರಗಿನಿಂದ ಒರೆಸುತ್ತಿದ್ದಳು. ಒರೆಸುವುದು ಕಡಿಮೆಯಾಗುತ್ತ ಬಂತು. ಅವಳು ಕಣ್ಣು ಮುಚ್ಚುವ ಹೊತ್ತಿಗೆ ಬಂಡೆ ಒಣಗಿತ್ತು. ಅವಳು ಕೂರುತ್ತಿದ್ದ ಕಡೆ ನಿಲುಗಲ್ಲು ನೆಟ್ಟವಳು ಆ ಮೂರನೆಯ ಕೂಸೇ ಎನ್ನುತ್ತಾರೆ; ಆಗ ಅವಳ ಕಂಕುಳಲ್ಲೂ ಒಂದು ಕೂಸಿತ್ತು.

ಇಂದಿಗೂ ಒಣಗಲ್ಲಮ್ಮನಿಗೆ ಹಾಲೆರೆಯುವುದಿಲ್ಲ. ತಿಳಿಯದೆ ಪ್ಯಾಕೆಟ್ ಹಾಲು ತಂದವರಿಗೆ ಪೂಜೆಯ ಹೆಂಗಸು ಮರದ ನೆರಳನ್ನು ತೋರಿಸುತ್ತಾಳೆ. ಅಲ್ಲಿ ಯಾರಾದರೂ ಬಾಣಂತಿ ಇದ್ದರೆ ಹಾಲು ಅವಳಿಗೆ. ಊರಿನಲ್ಲಿ ಹಸು ಈದರೆ ಗಿಣ್ಣಿನ ಮೊದಲ ತುಂಡು ಸೇರುವುದೂ ಅಲ್ಲಿಗೇ. ಬಂಡೆಗೆ ಒರಗಿ ತಾಯಂದಿರು ಬಿಸಿಲ ಹೊತ್ತಿನಲ್ಲೂ ಕೂಸಿಗೆ ಹಾಲೂಡಿಸುತ್ತಾರೆ. ಸೆರಗು ಎಳೆದುಕೋ ಎಂದು ಅಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ದಾರಿಯಲ್ಲಿ ಹೋಗುವ ಗಂಡಸರು ನಿಲುಗಲ್ಲಿಗೆ ಕೈಮುಗಿದು ಮುಂದೆ ನಡೆಯುತ್ತಾರೆ. ಗುಂಡಿಯಲ್ಲಿ ಕೈಯಿಟ್ಟು ನೋಡಬಹುದು, ಅದಕ್ಕೆ ಅಡ್ಡಿಯಿಲ್ಲ. ಕಲ್ಲು ನುಣುಪಾಗಿ, ಬೆಚ್ಚಗೆ, ಪೂರ್ತಿ ಒಣಗಿರುತ್ತದೆ.