ಯಂತ್ರವನ್ನೇ ಕೇಳೋಣ

ನೇಕಾರರ ಸಂಘದ ಚುನಾವಣೆಗೆ ಮತಯಂತ್ರ ಮಾರಲು ಬಂದ ಕಂಪನಿ ಸಾಹೇಬರು ಊಟ, ಉಡುಗೊರೆ ಕೊಟ್ಟು ಅಧ್ಯಕ್ಷರನ್ನು ಒಲಿಸಿಕೊಂಡಿದ್ದರು. ತಪಾಸಣೆಗೆ ಸಂಘ ನೇಮಿಸಿದ್ದ ನೀಲಗಂಗಮ್ಮನ ಒಪ್ಪಿಗೆಯೊಂದು ಬಾಕಿ.

"ಒಳಗಿನ ಸಾಫ್ಟ್‌ವೇರ್ ನಮ್ಮ ಕಡೆಯ ತಿಳಿದವರಿಗೆ ತೋರಿಸ್ರಿ," ಎಂದಳು ಅವಳು, ಸಂಘದ ಸಭೆಯ ನಡುವೆ ಇಟ್ಟಿದ್ದ ಯಂತ್ರದತ್ತ ಕೈ ಮಾಡಿ.

"ಅದು ಕಂಪನಿ ಗುಟ್ಟು. ದೇವರನ್ನು ಕಾಣದೆಯೇ ನಂಬ್ತೀರಲ್ಲ ತಾಯಿ, ಇದನ್ನೂ ನಂಬಿ!"

"ದೇವರು ನನ್ನ ನಂಬ್ರಿ ಅಂತ ಅಧ್ಯಕ್ಷರಿಗೆ ಊಟ ಹಾಕಿಸಿಲ್ರೀ."

ಶಿವನನ್ನು ನೆನೆದು ಸಭೆಗೆ ತಿರುಗಿದಳು. "ತೋರಿಸಬೇಕು ಅನ್ನೋರು ಕೈ ಎತ್ರಿ."

ಅಧ್ಯಕ್ಷರೊಬ್ಬರನ್ನು ಬಿಟ್ಟು ಎಲ್ಲರೂ ಎತ್ತಿದರು.

"ಈಗ ಇದನ್ನೇ ಯಂತ್ರದಾಗ ಒತ್ತೋಣ. 'ತೋರಿಸಬೇಕು' ಅಂತ ಬಂದ್ರ, ನಿಮ್ಮ ಯಂತ್ರದ ಮಾತು ನೀವೇ ನಡೆಸ್ರಿ. 'ಬ್ಯಾಡ' ಅಂತ ಬಂದ್ರ, ಅದು ಸುಳ್ಳು ಎಣಿಸತೈತಿ ಅಂತ ಎಲ್ಲರಿಗೂ ಗೊತ್ತಾಗತೈತಿ."

ಸಾಹೇಬರು ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ಸೂರು ನೋಡಿದರು.

"ಬ್ಯಾಟರಿ... ಚಾರ್ಜ್ ಇಲ್ಲ," ಎಂದರು ಸಾಹೇಬರು.

"ಚಾರ್ಜ್ ಆಗಲಿ ಬಿಡ್ರಿ, ಕಾಯ್ತೀವಿ. ಶಿವ ನಮಗ ಏನೂ ಅವಸರ ಕೊಟ್ಟಿಲ್ಲ," ಎಂದು ನೀಲಗಂಗಮ್ಮ ಯಂತ್ರದ ಮುಂದೆಯೇ ಚಕ್ಕಳಮಕ್ಕಳ ಹಾಕಿ ಕೂತಳು. ಅವಳ ಹಿಂದೆ ಸಭೆಯೂ ಕೂತಿತು.