ಬೇಯದ ಕಡ್ಡಿ

ತುಂಗಮ್ಮ ಬಾಳೆಹೂವು ಬಿಡಿಸಲು ಕುಳಿತಿದ್ದರು. ಕೆಂಪು ಸಿಪ್ಪೆ ಸರಿಸಿ, ಒಳಗಿನ ಒಂದೊಂದು ಪುಟ್ಟ ಹೂವಿನಿಂದಲೂ ಬೇಯದ ಕಡ್ಡಿಯನ್ನು ಕಿತ್ತು, ಹೂವನ್ನು ಮಜ್ಜಿಗೆಗೆ ಹಾಕುತ್ತಿದ್ದರು. ಒಂದು ಹೂ ಮಾತ್ರ ಅವರ ಕಣ್ಣು ತಪ್ಪಿಸಿ ಕಡ್ಡಿಸಮೇತ ಮಜ್ಜಿಗೆಗೆ ಜಾರಿಕೊಂಡಿತು.

"ಕಡ್ಡಿ ಬಿಟ್ಟು ಬರಬಾರದಿತ್ತೇ? ನಿನ್ನ ಒಗರನ್ನು ನಾನು ತೆಗೆಯಬಲ್ಲೆ, ಆ ಕಡ್ಡಿಯನ್ನು ಮೆತ್ತಗೆ ಮಾಡಲಾರೆ" ಎಂದಿತು ಮಜ್ಜಿಗೆ.

"ಅದು ನನ್ನ ಬೆನ್ನೆಲುಬು. ಯಾರಿಗೂ ಬಗ್ಗುವುದಿಲ್ಲ" ಎಂದಿತು ಹೂ.

ಬಾಣಲೆಯಲ್ಲಿ ಬೇಳೆ ಬೆಂದಿತು, ತೆಂಗಿನತುರಿ ಬೆರೆಯಿತು, ಜೊತೆಯ ಹೂಗಳೆಲ್ಲ ಪಲ್ಯವಾಗತೊಡಗಿದವು. "ಇಷ್ಟು ಬೇಗ ಸೋತುಬಿಟ್ಟಿರಾ?" ಎಂದು ಹೂ ಬೀಗಿತು. ಬೇಯುವ ಕೆಲಸದಲ್ಲಿದ್ದ ಅವುಗಳಿಗೆ ಉತ್ತರ ಕೊಡಲು ಪುರುಸೊತ್ತಿರಲಿಲ್ಲ.

ಊಟಕ್ಕೆ ಕುಳಿತ ತುಂಗಮ್ಮನ ಯಜಮಾನರಿಗೆ ಎರಡನೇ ತುತ್ತಿನಲ್ಲೇ ಕಡ್ಡಿ ಹಲ್ಲಿಗೆ ಸಿಕ್ಕಿತು. ಹೂವನ್ನು ಬಾಯಿಂದ ತೆಗೆದು ಬಾಳೆಲೆಯ ಅಂಚಿಗಿಟ್ಟರು. ಒಗ್ಗರಣೆಯ ಕರಿಬೇವು ಮೊದಲೇ ಅಲ್ಲಿಗೆ ಬಂದು ಕುಳಿತಿತ್ತು.

"ನೋಡಿದಿರಾ, ನಮ್ಮಿಬ್ಬರನ್ನೂ ನುಂಗಲು ಅವರಿಂದ ಆಗಲಿಲ್ಲ!" ಎಂದಿತು ಹೂ.

ಕರಿಬೇವು ಕೊಂಚ ಸರಿದು ಜಾಗ ಕೊಟ್ಟಿತು. "ನಿಜ. ನಾನು ನನ್ನ ಘಮವನ್ನು ಪಲ್ಯಕ್ಕೆ ಕೊಟ್ಟು ಬಂದೆ. ತಾವು ಏನು ಕೊಟ್ಟು ಬಂದಿರಿ?"