ಬಾಲ ಬೀಳದ ಇಲಿಗಳು

"ದೇವಿ ನಮ್ಮ ಮಗಳಿಗೆ ಕನಸಿನಲ್ಲಿ ಮೂರು ಒಗಟು ಕೊಟ್ಟಿದ್ದಾಳೆ. ಬಿಡಿಸಿದವರಿಂದಲೇ ಅವಳಿಗೆ ಬಿಡುಗಡೆ. ಬಂದು ತಪ್ಪಿದವರಿಗೆ ಮೂರು ತಿಂಗಳ ಸೆರೆ, ಆಮೇಲೆ ಶೂಲ" ಎಂದು ಬಿಜ್ಜರಸ ಡಂಗುರ ಸಾರಿಸಿದ.

ರಾಜಕುಮಾರಿ ಮಲ್ಲಿದೇವಿಗೆ ಮೊದಲು ಕಣ್ಣು ಮಂಜಾಗಿತ್ತು, ಆಮೇಲೆ ಕಾಲು ಹೋದವು. ಮೈಯೇ ಸೆರೆಮನೆ. ಬಂದವರ ಹಿಂದೆಯೂ ಕೋಣೆಯ ಅಗುಳಿ ಬೀಳುತ್ತಿತ್ತು.

"ಕಳ್ಳ ಬಾರದ ಮನೆಗೆ ಕಾವಲುಗಾರರೇ ಬೆಂಕಿ ಇಟ್ಟರು. ಯಾವ ಮನೆ ಅದು?" ಎಂದು ಮಲ್ಲಿದೇವಿ ಮೊದಲ ಒಗಟು ಕೇಳುತ್ತಿದ್ದಳು.

"ಹಗೆಯವರ ಕೋಟೆ" ಎಂದ ಒಬ್ಬ ಪಂಡಿತ. "ಕುಡುಕ ಕಾವಲುಗಾರರ ಮನೆ" ಎಂದ ಒಬ್ಬ ಸಾಮಂತ.

"ಹಾಗಾದರೆ ಅದು ನಿಮ್ಮದೇ ಇರಬೇಕು" ಎಂದಳು ಮಲ್ಲಿದೇವಿ. ಇಬ್ಬರೂ ನೆಲಮಾಳಿಗೆ ಸೇರಿದರು.

ಮೂರನೆಯವಳು ಕೆಂಚವ್ವ. ಅರಮನೆ ವೈದ್ಯರ ಇಲಿಮನೆಯಲ್ಲಿ ಪಂಜರ ತೊಳೆಯುವವಳು.

"ಆ ಮನೆ ನಿಮ್ಮ ತಲೆ, ತಾಯೀ. ರೋಗದ ಜೊತೆ ಕಾದಾಡಲಿ ಅಂತ ಶಿವ ನೆತ್ತರಲ್ಲಿ ಕಾವಲಿಟ್ಟ. ಅವರೇ ಮಿದುಳಿನ ನರದ ಹೊದಿಕೆಯನ್ನು ಹಗೆ ಅಂದುಕೊಂಡು ಸುಡುತ್ತಿದ್ದಾರೆ. ವೈದ್ಯರು ಇದೇ ರೋಗವನ್ನು ಇಲಿಗಳಿಗೆ ಬರಿಸಿ ನೋಡುತ್ತಾರೆ."

"ಎಲ್ಲರ ಬಾವುಟ ಬಿದ್ದ ಊರಲ್ಲಿ ಯಾರದು ನಿಂತಿತ್ತು?" ಎಂದು ಮಲ್ಲಿದೇವಿ ಎರಡನೆಯದನ್ನು ಕೇಳಿದಳು.

"ಬಸುರಿಯರದು. ಊರು ಇಲಿಮನೆ, ಬಾವುಟ ಬಾಲ. ದಿನಾ ಇಲಿಗಳ ಬಾಲ ಎತ್ತಿ ನೋಡುತ್ತೇನೆ. ಬಾಲ ನೂಲಿನಂತೆ ಜೋತರೆ ರೋಗ ಹಿಡಿಯಿತು ಅಂತ, ಆಮೇಲೆ ಹಿಂಗಾಲು. ಬಸುರಿ ಇಲಿ ಲೆಕ್ಕ ಕೆಡಿಸುತ್ತದೆಂದು ವೈದ್ಯರು ಆಚೆ ಹಾಕಿಸುತ್ತಿದ್ದರು. ನಾನು ಬೇರೆ ಪಂಜರದಲ್ಲಿ ಸಾಕಿದೆ. ಹೆರುವ ತನಕ ಅವುಗಳ ಬಾಲ ಬೀಳಲಿಲ್ಲ."

ಮೂರನೆಯ ಒಗಟನ್ನು ಅರಸನೇ ಮುಂದೆ ಬಾಗಿ ಕೇಳಿದ. "ಬಸಿರಾಗದೆ ಬಸುರಿಯ ಕಾಪು ಎಲ್ಲಿ ಸಿಗುತ್ತದೆ?"

ಕೆಂಚವ್ವ ಕಣ್ಣು ಮುಚ್ಚಿ ಶಿವನನ್ನು ನೆನೆದಳು.

"ವೈದ್ಯರ ಒಲೆಯ ಮೇಲೆ, ಪ್ರಭೂ. ಬಸುರಿಯ ಮೈಯಲ್ಲಿ ಉಕ್ಕುವ ರಸಕ್ಕೆ ಅವರು ಈಸ್ಟ್ರೋಜನ್ ಅನ್ನುತ್ತಾರೆ. ಅದರ ಪಡಿಯಚ್ಚನ್ನು ಬೇರೆ ಕೆಲಸಕ್ಕೆ ಅವರೇ ಕೈಯಾರೆ ಮಾಡಿಟ್ಟಿದ್ದಾರೆ. ಬಾಲ ಬಿದ್ದ ಎರಡು ಇಲಿಗೆ ಹಿಟ್ಟಿನಲ್ಲಿ ಕಲಸಿ ಕೊಟ್ಟೆ, ಕೇಳದೆ ಕೊಟ್ಟದ್ದು ತಪ್ಪೇ. ಬಾಲ ಎತ್ತಿದವು. ಆದರೆ ಇಲಿ ಇಲಿಯೇ. ಮನುಷ್ಯರಿಗೆ ಏನಾಗುವುದೋ ಶಿವನೇ ಬಲ್ಲ."

"ಈ ಮೈಯ ಸೆರೆಯಲ್ಲಿ ಕೊಳೆಯುವುದಕ್ಕಿಂತ ಅದೇ ವಾಸಿ" ಎಂದಳು ಮಲ್ಲಿದೇವಿ.

"ಹಾಗಾದರೆ ಇವಳು ಏಳುವ ತನಕ ನೀನೂ ಇಲ್ಲೇ" ಎಂದು ಅರಸ ಹೊರಗಿನಿಂದ ಬೀಗ ಜಡಿಸಿದ.

ವೈದ್ಯರು ಐವತ್ತು ಇಲಿಗಳಿಗೆ ಕೊಟ್ಟು ನೋಡಿ, ಆಮೇಲೆ ಕುಮಾರಿಗೆ ಕೊಟ್ಟರು. ಕೆಂಚವ್ವ ಕಿಟಕಿಯಿಲ್ಲದ ಆ ಕೋಣೆಯಲ್ಲಿ ದಿನವೂ ಅವಳ ಕಾಲ ಬೆರಳುಗಳನ್ನು ಮುಟ್ಟಿ ನೋಡಿದಳು. ಎಪ್ಪತ್ತನೆಯ ದಿನ ಹೆಬ್ಬೆರಳು ಅಲುಗಿತು. ಎಂಬತ್ತೈದನೆಯ ದಿನ ಕುಮಾರಿ ಎದ್ದು ನಿಂತಳು.

ಅರಸ ಬಾಗಿಲು ತೆಗೆಸಿದ. "ಏನು ಬೇಕು ಕೇಳವ್ವ. ಅರ್ಧ ರಾಜ್ಯ?"

"ನೆಲಮಾಳಿಗೆಯ ಇಬ್ಬರನ್ನು ಬಿಡಿ, ಬುದ್ಧೀ."

ಕೆಂಚವ್ವನ ಹೆಗಲು ಹಿಡಿದು ಮಲ್ಲಿದೇವಿ ಒಂದೊಂದೇ ಮೆಟ್ಟಿಲಿಳಿದಳು. ನೆಲಮಾಳಿಗೆಯ ಅಗುಳಿಯನ್ನು ತಾನೇ ಎತ್ತಿದಳು. ಲೆಕ್ಕದಿಂದ ಆಚೆ ಬಿದ್ದವರಲ್ಲೇ ದೇವರು ಉತ್ತರ ಬಚ್ಚಿಟ್ಟಿದ್ದ. ಈ ಕಥೆ ಕೇಳಿದವರಿಗೂ ಅವನ ಕಾವಲಿರಲಿ.